ನಡುವ ಎರಡು ವರ್ಷ ಖಾಲಿ ಐತ್ರಿ, ಏನಂತ ಹೇಳ್ಲಿ?

ಪ್ರಶ್ನೆ: ಅಕ್ಕಾರ ನಮಸ್ಕಾರ್ರಿ. ನಂದು ಗದಗ-ಬೆಟಗೇರಿ, ವಯಸ್ಸು 28, ಬಿಕಾಂ ಆಗೇತಿ. ಮೊದಲ ಹುಬ್ಬಳ್ಳ್ಯಾಗ ಒಂದು ಬೈಕ್ ಶೋರೂಮಿನ್ಯಾಗ ಬಿಲ್ಲಿಂಗಿಗೆ ಒಂದು ವರ್ಷ ಇದ್ದೆ, ಆಮ್ಯಾಲೆ ಬೆಂಗಳೂರಾಗ ಕಾಲ್ ಸೆಂಟರ್ 14 ತಿಂಗಳು, ಅಷ್ಟರಾಗ ಅಪ್ಪಾಗ ಲಕ್ವಾ ಹೊಡೀತು, ವಾಪಸ್ ಬಂದು ಎರಡು ವರ್ಷ ನಮ್ಮ ಕಿರಾಣಿ ಅಂಗಡಿ ನಾನ ನೋಡ್ಕೊಂಡೆ. ಈಗ ತಮ್ಮ ಕುಂದರ್ತಾನ. ಹೋದ ವರ್ಷ ಫೈನಾನ್ಸ್ ವಸೂಲಿ ಕೆಲಸಕ್ಕ ಸೇರಿ ಐದು ತಿಂಗಳಿಗೆ ಬಿಟ್ಟೆ, ಮಂದಿ ಮನಿ ಮುಂದ ನಿಂತು ಒದರೋದು ನನ್ ಕೈಲೆ ಆಗ್ಲಿಲ್ಲ. ಬಯೋಡೇಟಾದಾಗ ಆ ಎರಡು ವರ್ಷ ಖಾಲಿ ಬಿಟ್ಟೀನಿ. ಎಲ್ಲಿ ಇಂಟರ್ವ್ಯೂಗೆ ಹೋದ್ರೂ ಅದನ್ನ ಕೇಳ್ತಾರ, ನಾ ತಡವರಿಸ್ತೀನಿ. ದೋಸ್ತ ಒಬ್ಬ ಎರಡು ಸಾವಿರ ಕೊಟ್ರ ಮೂರು ವರ್ಷದ ಎಕ್ಸ್‌ಪೀರಿಯನ್ಸ್ ಲೆಟರ್ ಮಾಡಿಸಿ ಕೊಡ್ತೀನಿ ಅನ್ನಾಕತ್ತಾನ. ಏನ್ ಮಾಡ್ಲಿ?
— ಹೆಸರು ಬ್ಯಾಡ್ರಿ, ಗದಗ

ಉತ್ತರ: ತಮ್ಮಾ, ಆ ದೋಸ್ತಗ ಚಾ ಕುಡಿಸಿ ಕಳಸು, ಎರಡು ಸಾವಿರ ಮಾತ್ರ ಕೊಡಬ್ಯಾಡ. ಪಿಎಫ್ ಕಟ್ಟೋ ಕಂಪನಿ ಆದ್ರ ನಿನ್ನ ಯುಎಎನ್ ನಂಬರ್, ಅಂದ್ರ ಪಿಎಫ್ ನಂಬರ್, ಕೇಳೇ ಕೇಳ್ತಾರ, ಕಂಪನಿ ಎಷ್ಟು ಬದಲಿ ಮಾಡಿದ್ರೂ ಆ ನಂಬರ್ ಒಂದ, ಯಾವ ತಿಂಗಳು ಯಾರು ರೊಕ್ಕ ಕಟ್ಯಾರ ಅನ್ನೂದು ಪಾಸ್‌ಬುಕ್ಕಿನ್ಯಾಗ ಸಾಲಾಗಿ ಕುಂತಿರ್ತೈತಿ. ಸಿಕ್ಕಿಬಿದ್ರ ಆಮ್ಯಾಲೆ ನೀ ಗ್ಯಾಪ್ ಇದ್ದಾಂವ ಅಲ್ಲ, ಸುಳ್ಳ ಹೇಳಿದಾಂವ.

ನಾ ಹದಿನಾರು ವರ್ಷ ಟೇಬಲ್ಲಿನ ಆ ಕಡೆ ಕುಂತು ಇಂಟರ್ವ್ಯೂ ಮಾಡೀನಿ. ಗ್ಯಾಪ್ ಯಾಕ ಅಂತ ಕೇಳಾವ್ರಿಗೆ ನಿನ್ನ ಮನಿ ಕಥಿ ಬೇಕಾಗಿರಂಗಿಲ್ಲ, ಈ ಹುಡುಗ ನಮ್ಮನ್ನೂ ಮೂರು ತಿಂಗಳಿಗೆ ಬಿಟ್ಟು ಹೋದ್ರ ಮತ್ತ ಯಾರನ್ನ ಹುಡುಕೂದು ಅನ್ನೂದಷ್ಟ ಅವರ ಚಿಂತಿ. ‘ಅಪ್ಪಾಗ ಆರಾಮ ಇರ್ಲಿಲ್ರಿ, ಅಂಗಡಿ ನಾ ನಡಸ್ದೆ, ಈಗ ತಮ್ಮ ನೋಡ್ಕೊತಾನ’ ಇಷ್ಟ ಹೇಳಿ ಸುಮ್ನ ಕುಂದ್ರು. ತಡವರಿಸೂದು ಹೆಚ್ಚಿಗಿ ಹೇಳಾಕ ಹೋದಾಗನ. ಫೈನಾನ್ಸಿಂದು ಕೇಳಿದ್ರ ವಸೂಲಿ ಒಗ್ಗಲಿಲ್ರಿ, ಲೆಕ್ಕದ ಕೆಲಸ ಒಗ್ತೈತಿ ಅನ್ನು, ಹಳೇ ಸಾಹೇಬನ್ನ ಬೈಯಾಕ ಹೋಗಬ್ಯಾಡ.

ನನಗ ಸಿಟ್ಟು ಬಂದದ್ದು ಎಲ್ಲಿ ಅಂದ್ರ ಆ ಎರಡು ವರ್ಷ ‘ಖಾಲಿ’ ಅಂದಿ ನೋಡು, ಅಲ್ಲಿ. ಕಿರಾಣಿ ಅಂಗಡಿ ತಾನ ನಡೀತೈತೇನು? ಉದ್ರಿ ಬರದಿ, ಹೋಲ್‌ಸೇಲ್‌ನಾಂವಗ ರೊಕ್ಕ ಹೊಂದಿಸಿದಿ, ಸ್ಟಾಕ್ ನೋಡಿದಿ. ಅದನ್ನೂ ತಾರೀಖು ಹಾಕಿ ಒಂದು ಕೆಲಸ ಅಂತ ಬರಿ, ದಿನಾ ಎಷ್ಟು ವ್ಯಾಪಾರ, ಉದ್ರಿ ಗಿರಾಕಿ ಎಷ್ಟು ಮಂದಿ, ಅದೂ ಇರಲಿ. ಶೋರೂಮಿಂದು ಒಂದು, ಅಂಗಡೀದು ಎರಡು, ದೋಸ್ತ ಮಾರಾಕತ್ತಿದ್ದ ಮೂರು ವರ್ಷ ನಿನ್ ಹತ್ರನ ಇತ್ತಲ್ಲೋ!

ಕಡಿಮಿ ಬೀಳೂದು ಟ್ಯಾಲಿ ಅನ್ನೂ ಲೆಕ್ಕದ ಸಾಫ್ಟ್‌ವೇರ್, ಜಿಎಸ್‌ಟಿ. ಅದನ್ನ ಕಲ್ತು ಪಗಾರ ಕಡಿಮಿ ಇದ್ರೂ ಒಂದು ಸಣ್ಣ ಸಿಎ ಆಫೀಸಿನ್ಯಾಗ ಆರು ತಿಂಗಳು ಕುಂದ್ರು. ತಿಂಗಳ ರಿಟರ್ನ್ ಅಂದ್ರ 11ನೇ ತಾರೀಖಿಗೆ ಮಾರಾಟದ ವಿವರ ಕೊಡೋ ಜಿಎಸ್‌ಟಿಆರ್-1, 20ಕ್ಕ ತೆರಿಗಿ ಲೆಕ್ಕ ಹಾಕಿ ಕಟ್ಟೋ 3ಬಿ, ಆ ಗದ್ದಲ ಕಣ್ಣಾರೆ ಕಂಡಾಂವಗ ಹುಬ್ಬಳ್ಳಿ ಅಮರಗೋಳ ಎಪಿಎಂಸಿ ದಲಾಲಿ ಅಂಗಡಿ ಇರಲಿ, ಗೋಕುಲ ರೋಡ್, ತಾರಿಹಾಳದ ಫ್ಯಾಕ್ಟರಿ ಇರಲಿ, ಮಾತಾಡಾಕ ಧೈರ್ಯ ಬರ್ತೈತಿ. ಬರೇ ಸರ್ಟಿಫಿಕೇಟ್ ಹಿಡ್ಕೊಂಡು ಬಂದಾವ್ರನ್ನ ಭಾಳ ನೋಡೀನಿ, ಒಂದು ಎಂಟ್ರಿ ಹಾಕು ಅಂದ್ರ ನನ್ನ ಮಾರಿ ನೋಡ್ತಾರ.

ಕಾಗದಪತ್ರದ್ದು ನೋಡು. ಶೋರೂಮಿನವ್ರು ಪಿಎಫ್ ಕಟ್ಟಿರ್ಲಿಕ್ಕಿಲ್ಲ, 20 ಮಂದಿಕಿಂತ ಕಡಿಮಿ ಇದ್ರ ಕಡ್ಡಾಯ ಇಲ್ಲ, ಹಂಗಿದ್ರ ಪಗಾರ ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟ್ ತಗಸಿ ಇಟ್ಕೊ. ಕಾಲ್ ಸೆಂಟರಿಂದು ಪಿಎಫ್ ಇದ್ರ ಪೋರ್ಟಲ್‌ನ್ಯಾಗ ಕೆಲಸ ಬಿಟ್ಟ ತಾರೀಖು ಬಿದ್ದೈತೋ ಇಲ್ಲೋ ನೋಡು, ಇಲ್ಲಂದ್ರ ಬಿಟ್ಟು ಎರಡು ತಿಂಗಳಾದ ಮ್ಯಾಲೆ ಮಾರ್ಕ್ ಎಕ್ಸಿಟ್ ಅನ್ನೂದ್ರಾಗ ನೀನ ಹಾಕಬಹುದು, ಆಧಾರ್ ಮೊಬೈಲಿಗೆ ಓಟಿಪಿ ಬರ್ತೈತಿ. ಆ ರೊಕ್ಕ ತಗೀಬ್ಯಾಡ, ಹೊಸಾ ಖಾತೆಕ್ಕ ಟ್ರಾನ್ಸ್‌ಫರ್ ಮಾಡ್ಸು, ಪಿಂಚಣಿಗೆ 10 ವರ್ಷದ ಸರ್ವಿಸ್ ಬೇಕು, ಹಳೇದೂ ಅದರಾಗ ಕೂಡ್ತೈತಿ.

ಇನ್ನೊಂದು, ಗದಗ ಅಂದ ಕೂಡ್ಲೆ ‘ದಿನಾ ಹೆಂಗ ಬರ್ತೀಯಪಾ’ ಅಂತಾರ, ಹುಬ್ಬಳ್ಳಿಗೆ ಹತ್ರ ಹತ್ರ 60 ಕಿಲೋಮೀಟರ್ ಆಗ್ತೈತಲ್ಲ. ಹುಬ್ಬಳ್ಳ್ಯಾಗ ರೂಮ್ ಮಾಡ್ತೀಯೋ ಟ್ರೇನ್ ಪಾಸ್ ಮಾಡಸ್ತೀಯೋ ಮೊದಲ ಮನ್ಯಾಗ ಮಾತಾಡಿ ಗಟ್ಟಿ ಮಾಡ್ಕೊ, ಅವರು ಕೇಳೂಕಿಂತ ಮುಂಚೆ ನೀನ ಹೇಳು.