ಹದಿನಾರರ ಹುಡುಗಿ ದೊಡ್ಡವರಂತೆ ಮಾತನಾಡುತ್ತಿದ್ದರೆ

ನಿಮ್ಮ ಕಥೆಯ ಹದಿನಾರು ವರ್ಷದ ಹುಡುಗಿ ದೊಡ್ಡವರಂತೆ ಮಾತನಾಡುತ್ತಾಳೆ ಎಂದು ಓದಿದವರಿಗೆಲ್ಲ ಅನ್ನಿಸುತ್ತಿದ್ದರೆ, ಅವಳು ತನ್ನ ಮನಸ್ಸಿನಲ್ಲಿರುವುದನ್ನು ತಾನೇ ಪೂರ್ತಿಯಾಗಿ ವಿವರಿಸಿಬಿಡುವುದು ಅದಕ್ಕೆ ಕಾರಣವಾಗಿರಬೇಕು. ಮೊದಲು ಸಂಭಾಷಣೆಯಲ್ಲಿ ‘ಯಾಕೆಂದರೆ’ ಎಂದು ಆರಂಭವಾಗುವ ವಾಕ್ಯಗಳನ್ನೆಲ್ಲ ತೆಗೆದುಹಾಕಿ. ಅನಂತರ ಅವಳ ದಿನಚರಿಯನ್ನು ಬರೆದುಕೊಳ್ಳಿ: ಬೆಂಗಳೂರಿನಲ್ಲಿ ಪ್ರಥಮ ಪಿಯುಸಿ ಓದುವವಳಿಗೆ ಕಾಲೇಜು ಮತ್ತು ಸಿಇಟಿ ಕೋಚಿಂಗ್ ನಡುವೆ ಮನೆಯವರ ಕಣ್ತಪ್ಪಿ ಸಿಗುವ ಹೊತ್ತು ಹೆಚ್ಚಾಗಿ ಬಿಎಂಟಿಸಿ ಬಸ್ಸಿನದೇ ಆಗಿರುತ್ತದೆ, ಆದ್ದರಿಂದ ಗೆಳತಿಯೊಡನೆ ಅವಳ ಮುಖ್ಯ ಮಾತು ಅಲ್ಲಿಯೇ ನಡೆಯಲಿ, ಸ್ಟಾಪ್ ಬಂದಾಗ ಅರ್ಧಕ್ಕೇ ನಿಲ್ಲಲಿ. ಅಮ್ಮ ‘ಎಷ್ಟು ಬಂತು?’ ಎಂದು ಕೇಳಿದಾಗ ಅವಳು ‘ಪೇಪರ್ ಇನ್ನೂ ಕೊಟ್ಟಿಲ್ಲ’ ಎಂದು ಬ್ಯಾಗಿನ ಜಿಪ್ ಎಳೆದುಕೊಂಡರೆ ಸಾಕು, ಅವಳ ಭಯ ಓದುಗರಿಗೆ ತಿಳಿಯುತ್ತದೆ. ಕಥೆಯನ್ನು ಅವಳೇ ‘ನಾನು’ ಎಂದು ಹೇಳುತ್ತಿದ್ದರೆ ಇಷ್ಟು ಸಾಲದಿರಬಹುದು; ಆಗ ನಿರೂಪಣೆಯಿಂದಲೂ ವಿವರಣೆಯನ್ನು ತೆಗೆಯಬೇಕಾಗುತ್ತದೆ.