ಮಿಯಾಟಾಗೆ ಮೊದಲು ಸ್ಪ್ರಿಂಗಾ, ಶಾಕ್ಸಾ? ಕೋನಿಯಾ, ಬಿಲ್‌ಸ್ಟೈನಾ?

ಹಳೇ ಮಿಯಾಟಾ, ಅಂದರೆ ಮಾಜ್ದಾದ ಎರಡು ಸೀಟಿನ ಪುಟ್ಟ ಓಪನ್ ಕಾರು, ತಗೊಂಡಿದ್ದೀರಿ. ಈಗ ಕಾರು ತಗ್ಗಿಸೋ ಸ್ಪ್ರಿಂಗ್ ಹಾಕಿಸಿ, ದುಡ್ಡು ಕೂಡಿದ ಮೇಲೆ ಕೋನಿಯೋ ಬಿಲ್‌ಸ್ಟೈನೋ ಕಂಪನಿಯ ಶಾಕ್ಸ್ (ಸ್ಪ್ರಿಂಗಿನ ಕುಲುಕಾಟ ತಡೆಯೋ ಶಾಕ್ ಅಬ್ಸಾರ್ಬರ್) ಹಾಕೋಣ ಅಂತಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಅದನ್ನೇ ಮಾಡಿದ್ದೆ.

ಆಗ ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೆ. ನನ್ನದು 1994ರ ಕಾರು, ಮೇಲೇಳೋ ಹೆಡ್‌ಲೈಟಿನದು. ಟೈರಿಗೂ ಫೆಂಡರಿಗೂ ನಡುವೆ ಮುಷ್ಟಿ ತೂರುವಷ್ಟು ಸಂದು ಇತ್ತು. ಅದು ಕಣ್ಣಿಗೆ ಚುಚ್ಚುತ್ತಿತ್ತು. ಕಡಿಮೆ ಬೆಲೆಯ ಗಿಡ್ಡ ಸ್ಪ್ರಿಂಗ್ ತರಿಸಿ ಹಾಕಿದೆ. ನಿಂತಾಗ ಕಾರು ನೋಡೋಕೆ ಬಹಳ ಚೆಂದ. ಆದರೆ 880 ಹೈವೇ ಮೇಲೆ ಕಾಂಕ್ರೀಟ್ ಸಂದು ಬಂದಾಗಲೆಲ್ಲ ಹಿಂದುಗಡೆ ಎಗರುತ್ತಿತ್ತು. ಪಕ್ಕದಲ್ಲಿ ಕೂತ ಹೆಂಡತಿ ಬೆನ್ನು ಹಿಡಿದುಕೊಳ್ಳುತ್ತಿದ್ದಳು. ಹಳೇ ಶಾಕ್ಸ್ ಸತ್ತಿವೆ ಅಂದುಕೊಂಡು ಹೊಸದು ಹಾಕಿಸಿದೆ. ಆಗಲೂ ಅದೇ ಎಗರಾಟ. ಹಾಗಾದರೆ ಸ್ಪ್ರಿಂಗೇ ಗಟ್ಟಿ ಅಂತ ತೀರ್ಮಾನ ಮಾಡಿದೆ. ತಪ್ಪಿದ್ದು ಇಲ್ಲೇ.

ಗಟ್ಟಿಯಾಗಿದ್ದದ್ದು ಸ್ಪ್ರಿಂಗ್ ಅಲ್ಲ, ಬಂಪ್ ಸ್ಟಾಪ್. ಶಾಕ್ ಒಳಗೆ ಹೋಗಿ ಬರೋ ರಾಡಿನ ಮೇಲ್ಗಡೆ ಮೆತ್ತನೆ ಫೋಮಿನ ಒಂದು ತುಂಡು ಇರುತ್ತದಲ್ಲ, ಅದು. ಚಕ್ರ ತೀರಾ ಮೇಲೆ ಬಂದಾಗ ಶಾಕ್ ಬಾಡಿ ಅದಕ್ಕೆ ಒತ್ತಿಕೊಳ್ಳುತ್ತದೆ. ಹೆಚ್ಚು ಅಮುಕಿದಷ್ಟೂ ಬೇಗ ಬೇಗ ಗಟ್ಟಿಯಾಗುತ್ತದೆ. ನನ್ನದರಂಥ ಮೊದಲ ತಲೆಮಾರಿನ ಮಿಯಾಟಾದಲ್ಲಿ ಶಾಕ್ ಒಳಗೆ ಹೋಗೋಕೆ ಇರುವ ಜಾಗವೇ, ಅಂದರೆ ಓಟವೇ, ಕಮ್ಮಿ, ಹಿಂದುಗಡೆ ಇನ್ನೂ ಕಮ್ಮಿ. ಚಕ್ರ 10 ಮಿಲಿಮೀಟರ್ ಮೇಲೆದ್ದರೆ ಶಾಕ್ ಸುಮಾರು 7 ಮಿಲಿಮೀಟರ್ ಒಳಗೆ ಹೋಗುತ್ತದೆ. ಅಂದರೆ ಕಾರನ್ನು 30 ಮಿಲಿಮೀಟರ್ ತಗ್ಗಿಸಿದರೆ, ನಿಂತಲ್ಲೇ ಸುಮಾರು 20 ಮಿಲಿಮೀಟರ್ ಓಟ ಹೋಯಿತು. ನಾನು ಎರಡು ಇಂಚು ತಗ್ಗಿಸಿದ್ದೆ. ಮನೆ ಮುಂದೆ ನಿಂತಾಗಲೇ ನನ್ನ ಕಾರಿನ ಹಿಂಭಾಗ ಆ ಫೋಮಿಗೆ ತಾಗಿ ಕೂತಿತ್ತು.

ಇದನ್ನು ಅಳೆದು ನೋಡುವ ಬದಲು, ಯಾರೋ ಹೇಳಿದರು ಅಂತ ಹಿಂದಿನ ಎರಡೂ ಬಂಪ್ ಸ್ಟಾಪ್ ಕತ್ತರಿಸಿ ತೆಗೆದೆ. ಆಮೇಲೆ ಕಾರು ಎಷ್ಟು ಮೆತ್ತಗೆ ಹೋಯಿತು ಅಂದ್ರೆ, ಸಮಸ್ಯೆ ಮುಗಿಯಿತು ಅಂತಲೇ ನಂಬಿದೆ. ಒಂದು ಭಾನುವಾರ ಬೆಟ್ಟದ ಮೇಲಿನ ಸ್ಕೈಲೈನ್ ರಸ್ತೆಯಿಂದ 84 ಹೈವೇಯಲ್ಲಿ ಲಾ ಹೋಂಡಾ ಊರಿನ ಕಡೆಗೆ ಇಳಿಯುತ್ತಿದ್ದೆವು. ತಿರುವಿನ ಮಧ್ಯೆ ರಸ್ತೆ ತಗ್ಗಾಗಿತ್ತು. ಹಿಂದಿನಿಂದ ಲೋಹ ಲೋಹಕ್ಕೆ ಬಡಿದ ಸದ್ದು. ಮರುಕ್ಷಣ ಹಿಂಭಾಗ ಹೊರಗೆ ಜಾರಿತು. ಎದುರಿಗೆ ಗಾಡಿ ಇರಲಿಲ್ಲ, ಅದೊಂದು ಪುಣ್ಯ. ಮನೆಗೆ ಬಂದು ಚಕ್ರ ಬಿಚ್ಚಿದೆ. ಹೊಸ ಶಾಕ್‌ನ ಮೈಮೇಲೆ ಎಣ್ಣೆ ಕೆಳಗಿನ ತನಕ ಇಳಿದಿತ್ತು, ಅದಕ್ಕೆ ಧೂಳು ಮೆತ್ತಿ ಕಪ್ಪು ಅಂಟಾಗಿತ್ತು. ಸ್ಟಾಪ್ ಇಲ್ಲದ್ದಕ್ಕೆ ಪ್ರತಿ ದೊಡ್ಡ ಏಟೂ ಶಾಕ್‌ನ ಒಳಗೇ ಬಿದ್ದು ಸೀಲ್ ಹೋಗಿತ್ತು. ವಾರಂಟಿ ಸಿಗಲಿಲ್ಲ. ಬಂಪ್ ಸ್ಟಾಪ್ ಇಲ್ಲದೆ ಓಡಿಸಿದ ಶಾಕ್‌ಗೆ ಯಾಕಾದರೂ ಕೊಡಬೇಕು ಹೇಳಿ?

ಈಗ ನಿಮ್ಮ ಕೋನಿ, ಬಿಲ್‌ಸ್ಟೈನ್ ವಿಷಯ. ಎರಡೂ ಒಳ್ಳೆಯವೇ. ಹಳದಿ ಕೋನಿಯಲ್ಲಿ ಒಂದು ತಿರುಪಿನಿಂದ ರಿಬೌಂಡ್ ಬಿಗಿ ಮಾಡಬಹುದು, ಅಂದರೆ ಸ್ಪ್ರಿಂಗ್ ಅಮುಕಿ ವಾಪಸ್ ಬರುವ ರಭಸಕ್ಕೆ ಕಡಿವಾಣ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಇದು ಜಾಸ್ತಿ ಬೇಕು. ಗುಂಡಿಗೆ ಬಿದ್ದಾಗಿನ ಏಟನ್ನು ಆ ತಿರುಪು ಮೆತ್ತಗೆ ಮಾಡಲ್ಲ, ಆ ಆಸೆ ಬೇಡ. ಬಿಲ್‌ಸ್ಟೈನ್ ಮೊನೊಟ್ಯೂಬ್, ಅಂದರೆ ಒಂದೇ ಕೊಳವೆಯದು, ಒಳಗೆ ಗ್ಯಾಸ್ ಒತ್ತಡ, ತಿರುಗಿಸೋಕೆ ಏನೂ ಇಲ್ಲ. 1994ರಿಂದ ಆರ್ ಪ್ಯಾಕೇಜ್ ಅನ್ನೋ ಸ್ಪೋರ್ಟ್ಸ್ ಆವೃತ್ತಿಯ ಕಾರುಗಳಿಗೆ ಮಾಜ್ದಾ ಕಂಪನಿಯೇ ಬಿಲ್‌ಸ್ಟೈನ್ ಹಾಕಿ ಕೊಡುತ್ತಿತ್ತು. ಸ್ಪ್ರಿಂಗ್ ಬದಲಿಸಲ್ಲ ಅಂದರೆ ನಾನು ಬಿಲ್‌ಸ್ಟೈನ್ ಅಂತೀನಿ. ಮುಂದೆ ಗಟ್ಟಿ ಸ್ಪ್ರಿಂಗ್ ಹಾಕುವ ಮನಸ್ಸಿದ್ದರೆ ಕೋನಿ.

ಆದರೆ ಕಾರು ಎಷ್ಟು ಇಳಿಯುತ್ತೆ ಅನ್ನೋದನ್ನು ನೋಡಿ ಸ್ಪ್ರಿಂಗ್ ಆರಿಸಬೇಡಿ. ಶಾಕ್‌ಗೆ ಎಷ್ಟು ಓಟ ಉಳಿಯುತ್ತೆ ಅಂತ ಕೇಳಿ. ಒಂದೇ ವಸ್ತುವಿಗೆ ದುಡ್ಡಿದ್ದರೆ ಶಾಕ್ಸ್ ತಗೊಳ್ಳಿ, ಕಂಪನಿ ಸ್ಪ್ರಿಂಗ್ ಇರಲಿ. ಜೊತೆಗೆ ಎರಡನೇ ತಲೆಮಾರಿನ ಮಿಯಾಟಾದ ಶಾಕ್ ಮೌಂಟ್, ಅಂದರೆ ಶಾಕ್‌ನ ಮೇಲ್ತುದಿಯನ್ನು ಕಾರಿಗೆ ಹಿಡಿದಿಡೋ ಭಾಗ, ಹಾಕಿಸಿ. ಹಳೇ ಮೌಂಟಿಗಿಂತ ಅದರಲ್ಲಿ ಓಟ ಜಾಸ್ತಿ ಸಿಗುತ್ತದೆ. ತಗ್ಗಿಸಲೇಬೇಕು ಅಂದರೆ ಒಂದು ಇಂಚಿನೊಳಗೇ ನಿಲ್ಲಿಸಿ, ಅದಕ್ಕೆ ಹೊಂದುವ ಗಿಡ್ಡ ಬಂಪ್ ಸ್ಟಾಪ್ ಕೊಳ್ಳಿ. ಕೈಯಾರೆ ಕತ್ತರಿಸೋಕೆ ಮಾತ್ರ ಹೋಗಬೇಡಿ.

ಇನ್ನೊಂದು. ಕೆಲಸ ಮುಗಿದ ಮೇಲೆ ಕಂಟ್ರೋಲ್ ಆರ್ಮ್ (ಚಕ್ರವನ್ನು ಕಾರಿಗೆ ಜೋಡಿಸೋ ತೋಳು) ಬೋಲ್ಟುಗಳನ್ನು ಜ್ಯಾಕ್ ಮೇಲೆ ಚಕ್ರ ನೇತಾಡುವಾಗ ಬಿಗಿ ಮಾಡಬಾರದು. ಕಾರು ನೆಲದ ಮೇಲೆ ಭಾರ ಬಿಟ್ಟು ನಿಂತಾಗಲೇ ಬಿಗಿ ಮಾಡಿಸಿ. ಇಲ್ಲದಿದ್ದರೆ ಆ ಕೀಲಿನ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆಮೇಲೆ ಅಲೈನ್‌ಮೆಂಟ್.

ಆರ್ಡರ್ ಮಾಡೋ ಮುಂಚೆ ಒಂದು ಕೆಲಸ ಮಾಡಿ. ಹಿಂದಿನ ಶಾಕ್‌ನ ಧೂಳಿನ ಕವರ್ ಮೇಲೆ ಸರಿಸಿ, ರಾಡಿಗೆ ಸಣ್ಣದೊಂದು ಜಿಪ್ ಟೈ ಬಿಗಿಯಾಗಿ ಕಟ್ಟಿ ಶಾಕ್ ಬಾಡಿವರೆಗೆ ಇಳಿಸಿ. ನೀವು ದಿನಾ ಓಡಾಡೋ ರಸ್ತೆಯಲ್ಲೇ ಒಂದು ಸುತ್ತು ಹೋಗಿ ಬನ್ನಿ. ಆ ಟೈ ಬಂಪ್ ಸ್ಟಾಪ್ ತನಕ ಜರುಗಿದ್ದರೆ, ಈಗಿನ ಎತ್ತರದಲ್ಲೇ ನಿಮಗೆ ಓಟ ಸಾಲುತ್ತಿಲ್ಲ. ಟೈಗೂ ಸ್ಟಾಪ್‌ಗೂ ಮಧ್ಯೆ ಎಷ್ಟು ಜಾಗ ಉಳಿದಿದೆ ಅಂತ ಸ್ಕೇಲ್ ಹಿಡಿದು ಅಳೆದು ಇಲ್ಲಿ ಹಾಕಿ, ಯಾವ ಸ್ಪ್ರಿಂಗ್ ಹೊಂದುತ್ತೆ ಅಂತ ಒಟ್ಟಿಗೆ ನೋಡೋಣ.