ಓದುಗರ ಪ್ರಶ್ನೆ, ತಜ್ಞರ ಉತ್ತರ: ಮೋಲ್ಡ್ ಹಾಕುವ ಮುಂಚೆ ನೆರಳಿನ ಲೆಕ್ಕ

ಪ್ರಶ್ನೆ: 30×40 ಸೈಟಿನಲ್ಲಿ ನಾವೇ ಮೇಸ್ತ್ರಿ ಇಟ್ಟುಕೊಂಡು ಮನೆ ಕಟ್ಟಿಸುತ್ತಿದ್ದೇವೆ. ಮೇಲ್ಮಹಡಿಯ ಮೋಲ್ಡ್ (ತಾರಸಿಯ ಕಾಂಕ್ರೀಟ್) ಮುಂದಿನ ತಿಂಗಳು. ಸೋಲಾರ್ ಕರೆಂಟು, ಸೋಲಾರ್ ವಾಟರ್ ಹೀಟರ್ ಎರಡನ್ನೂ ಒಂದೆರಡು ವರ್ಷ ಬಿಟ್ಟು ಹಾಕಿಸುವ ಯೋಚನೆ. ಅದಕ್ಕೆ ಈಗಲೇ ಏನಾದರೂ ಮಾಡಿಕೊಳ್ಳಬೇಕೆ?
– ಓದುಗರೊಬ್ಬರು, ಯಲಹಂಕ

ಉತ್ತರ: ಖಂಡಿತ ಮಾಡಿಕೊಳ್ಳಬೇಕು, ಅದೂ ಸೆಂಟ್ರಿಂಗ್ ಕಟ್ಟುವ ಮೊದಲು. ಪ್ಯಾನೆಲ್ ಯಾವಾಗ ಬೇಕಾದರೂ ತರಬಹುದು. ಆದರೆ ಮೆಟ್ಟಿಲಿನ ಹೆಡ್‌ರೂಮು, ನೀರಿನ ಟ್ಯಾಂಕು ಎಲ್ಲಿ ಕೂತವೋ ಅಲ್ಲಿಂದ ಬೀಳುವ ನೆರಳನ್ನು ಮನೆ ಇರುವಷ್ಟು ದಿನ ಸಹಿಸಬೇಕು.

ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಇವೆರಡರ ನಡುವಿನ ತಿಂಗಳುಗಳಲ್ಲಿ ಕೊಂಚ ಉತ್ತರಕ್ಕೆ, ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನವೂ ಸೂರ್ಯ ಸುಮಾರು 53 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಈಗ ನಿಮ್ಮ ತಾರಸಿ ನೋಡಿ: 8 ಅಡಿಯ ಹೆಡ್‌ರೂಮು, ಅದರ ಮೇಲೆ 5 ಅಡಿಯ ಟ್ಯಾಂಕು, ಒಟ್ಟು 13 ಅಡಿ. ಆ ದಿನ ಮಧ್ಯಾಹ್ನ ಇದರ ನೆರಳು ಉತ್ತರಕ್ಕೆ ಹತ್ತಿರ ಹತ್ತಿರ 10 ಅಡಿ. ಬೆಳಗ್ಗೆ 9 ಗಂಟೆಗೆ ವಾಯವ್ಯದ ಕಡೆಗೆ 23 ಅಡಿ. ಮೂವತ್ತಡಿ ಅಗಲದ ಸೈಟಿನಲ್ಲಿ ಅಷ್ಟು ಹೋದರೆ ಮಿಕ್ಕಿದ್ದೆಷ್ಟು? ಪ್ಯಾನೆಲ್‌ಗಳನ್ನು ಸಾಲಾಗಿ ಒಂದಕ್ಕೊಂದು ಜೋಡಿಸಿರುತ್ತಾರೆ. ಒಂದರ ಮೇಲೆ ಬಿದ್ದ ನೆರಳು ಆ ಒಂದರ ಉತ್ಪಾದನೆಯನ್ನಷ್ಟೇ ಅಲ್ಲ, ಇಡೀ ಸಾಲಿನ ಉತ್ಪಾದನೆಯನ್ನು ಇಳಿಸಬಲ್ಲದು.

ಹೀಗಾಗಿ ಹೆಡ್‌ರೂಮು, ಟ್ಯಾಂಕು ಎರಡೂ ಸೈಟಿನ ಉತ್ತರದ ಅಂಚಿನಲ್ಲಿದ್ದರೆ ಒಳ್ಳೆಯದು. ವಾಸ್ತು ನೋಡುವವರು ಟ್ಯಾಂಕು ನೈರುತ್ಯದಲ್ಲೇ ಇರಲಿ ಎನ್ನುತ್ತಾರೆ. ಹಾಗೆ ಇಟ್ಟರೆ ನೆರಳು ಮಧ್ಯಾಹ್ನದ ಮೇಲೆ ಈಶಾನ್ಯಕ್ಕೆ ಸರಿಯುತ್ತದೆ. ಮನೆಯವರಿಗೆ ಅದು ಮುಖ್ಯವೆಂದಾದರೆ ಪ್ಯಾನೆಲ್‌ಗಳನ್ನು ಆಗ್ನೇಯ ಮೂಲೆಗೆ, ದಕ್ಷಿಣದ ಪ್ಯಾರಾಪೆಟ್ಟಿನ ಕಡೆಗೆ ತಂದುಕೊಳ್ಳಿ. ಎರಡೂ ನಡೆಯುತ್ತದೆ, ಆದರೆ ನಕ್ಷೆಯ ಮೇಲೆ ಈಗಲೇ ಗುರುತು ಹಾಕಬೇಕು.

ಜಾಗದ ಲೆಕ್ಕ: 3 ಕಿಲೋವಾಟ್‌ಗೆ 540 ವಾಟಿನ 6 ಪ್ಯಾನೆಲ್ ಸಾಕು. ಒಂದೊಂದು ಸುಮಾರು ಏಳೂವರೆ ಅಡಿ ಉದ್ದ, ನಾಲ್ಕಡಿಗೆ ಕೊಂಚ ಕಡಿಮೆ ಅಗಲ. ತೊಳೆಯಲು ಓಡಾಡುವ ದಾರಿಯೂ ಸೇರಿ 250 ಚದರಡಿ ಇಟ್ಟುಕೊಳ್ಳಿ. ಮುಖ ದಕ್ಷಿಣಕ್ಕೆ, ಓರೆ 10ರಿಂದ 15 ಡಿಗ್ರಿ. ಒಂದು ಕಿಲೋವಾಟ್‌ಗೆ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಹಿಡಿಯಬಹುದು. ಮಾರ್ಚ್‌ನಲ್ಲಿ ಹೆಚ್ಚು, ಜುಲೈನ ಮೋಡದಲ್ಲಿ ಕಡಿಮೆ.

ಸ್ಟ್ಯಾಂಡಿನ ಕಾಲುಗಳಿಗೆ 1 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಕಾಂಕ್ರೀಟ್ ಪೀಠಗಳನ್ನು ವಾಟರ್‌ಪ್ರೂಫಿಂಗ್‌ಗೆ ಮುಂಚೆಯೇ, ಆದಷ್ಟೂ ಬೀಮಿನ ಮೇಲೆ ಬರುವಂತೆ ಎಬ್ಬಿಸಿ, 12 ಎಂಎಂ ಬೋಲ್ಟುಗಳನ್ನು ಹೂತಿಡಿ. ಎರಡು ವರ್ಷದ ನಂತರ ತಾರಸಿಗೆ ಡ್ರಿಲ್ ಹಾಕಿದರೆ ಮೊದಲ ಮಳೆಗಾಲದಲ್ಲೇ ಕೆಳಗಿನ ಕೋಣೆಯ ಸೀಲಿಂಗಿನಲ್ಲಿ ಹಳದಿ ಕಲೆ ಕಾಣುತ್ತದೆ. ಪ್ಯಾನೆಲ್‌ಗಳ ಭಾರಕ್ಕೆ ನಿಮ್ಮ ಮೋಲ್ಡ್ ಹೆದರಬೇಕಿಲ್ಲ, ಚದರ ಮೀಟರಿಗೆ 15ರಿಂದ 20 ಕೆ.ಜಿ. ಅಷ್ಟೆ. ಹೆದರಬೇಕಾದದ್ದು ಗಾಳಿ ಕೆಳಗಿನಿಂದ ನುಗ್ಗಿ ಎತ್ತುವುದಕ್ಕೆ. ಕಟ್ಟಡಗಳ ಮೇಲಿನ ಗಾಳಿಯ ಭಾರಕ್ಕೆ ಸಂಬಂಧಿಸಿದ ಐಎಸ್ 875 ಸಂಹಿತೆ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ ವೇಗ ಹಿಡಿಯುತ್ತದೆ, ಅಂದರೆ ಗಂಟೆಗೆ 119 ಕಿ.ಮೀ. ಕೆಳಗೆ ಬಟ್ಟೆ ಒಣಗಿಸಲು ಜಾಗ ಬೇಕೆಂದು ಪ್ಯಾನೆಲ್‌ಗಳನ್ನು 8 ಅಡಿ ಎತ್ತರಿಸುವುದಾದರೆ ಸ್ಟ್ಯಾಂಡಿನ ಡ್ರಾಯಿಂಗನ್ನು ಎಂಜಿನಿಯರ್ ಒಬ್ಬರಿಗೆ ತೋರಿಸಿಯೇ ಮುಂದುವರಿಯಿರಿ.

ವೈರಿಂಗ್‌ಗೆ: ಹೆಡ್‌ರೂಮಿನ ಒಳಗೋಡೆಯಲ್ಲಿ, ಬಿಸಿಲು ಮಳೆ ತಾಗದ ಕಡೆ, ಇನ್ವರ್ಟರ್‌ಗೆ (ಪ್ಯಾನೆಲ್ಲಿನ ಕರೆಂಟನ್ನು ಮನೆ ಬಳಕೆಗೆ ತಕ್ಕಂತೆ ಬದಲಿಸುವ ಪೆಟ್ಟಿಗೆ) ಜಾಗ. ಅಲ್ಲಿಂದ ಮೀಟರ್ ಬೋರ್ಡಿನವರೆಗೆ 32 ಎಂಎಂ ಕಾಂಡ್ಯುಯಿಟ್ (ವೈರ್ ಹೋಗುವ ಪೈಪು) ಎರಡು, ಒಳಗೆ ತಂತಿ ಎಳೆದಿಟ್ಟು. ಬೋರ್ಡಿನಲ್ಲಿ ಇನ್ನೂ ಎರಡು ಮೀಟರ್ ಕೂರುವಷ್ಟು ಖಾಲಿ ಜಾಗ. ಅರ್ಥಿಂಗ್ ಗುಂಡಿ ಮೂರು, ಪ್ಯಾನೆಲ್ ಕಡೆಗೊಂದು, ಇನ್ವರ್ಟರ್ ಕಡೆಗೊಂದು, ಸಿಡಿಲು ತಡೆಗೊಂದು. ಮೂರೂ ಗುಂಡಿಗಳನ್ನು ಸಂಪಿನ ಗೋಡೆಯಿಂದ ದೂರವಿಟ್ಟು, ಅಂಗಳಕ್ಕೆ ಟೈಲ್ಸ್ ಹಾಕುವ ಮೊದಲೇ ತೋಡಿಸಿ. ಸಿಡಿಲು ತಡೆಯ ಪಟ್ಟಿಯನ್ನು ಕಾಂಡ್ಯುಯಿಟ್ ಒಳಗೆ ಇಳಿಸಬಾರದು, ಹೊರಗೋಡೆಯ ಮೇಲೆ ನೇರವಾಗಿ ನೆಲಕ್ಕಿಳಿಯಬೇಕು.

ವಾಟರ್ ಹೀಟರ್‌ಗೆ ಒಂದೇ ಒಂದು ಅಳತೆ ಮರೆಯಬೇಡಿ. ತಣ್ಣೀರು ಟ್ಯಾಂಕಿನ ತಳ, ಬಿಸಿನೀರು ಟ್ಯಾಂಕಿನ ನೆತ್ತಿಗಿಂತ ಕನಿಷ್ಠ 1 ಅಡಿ ಮೇಲಿರಬೇಕು. ಟ್ಯಾಂಕು ಹೆಡ್‌ರೂಮಿನ ಮೇಲಿದ್ದರೆ ಇದು ತಾನಾಗಿ ಸರಿಹೋಗುತ್ತದೆ. ಬಿಸಿನೀರಿನ ಲೈನಿಗೆ ಸಿಪಿವಿಸಿಯನ್ನೇ ಹಾಕಿಸಿ, ಮಾಮೂಲಿ ಪಿವಿಸಿ ಮೆತ್ತಗಾಗಿ ಜೋತುಬೀಳುತ್ತದೆ. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಕಾಲು ಲೀಟರ್ ನೀರು ನಿಂತಿರುತ್ತದೆ. 20 ಮೀಟರ್ ದೂರದ ಬಚ್ಚಲಿಗೆ ಬಿಸಿನೀರು ಬರುವ ಮುನ್ನ 5 ಲೀಟರ್ ತಣ್ಣೀರು ಚೆಲ್ಲಿಹೋಗುತ್ತದೆ. ಎರಡೂ ಮಹಡಿಯ ಬಚ್ಚಲುಗಳು ಒಂದರ ಕೆಳಗೊಂದು ಬಂದರೆ ಆ ನೀರು ಉಳಿಯುತ್ತದೆ.

ಪ್ರಶ್ನೆ: ಹೋದ ವರ್ಷ 3 ಕಿಲೋವಾಟ್ ಸೋಲಾರ್ ಹಾಕಿಸಿದೆವು. ಕರೆಂಟ್ ಹೋದರೆ ಸುಡುಬಿಸಿಲಿನಲ್ಲೂ ಅದು ನಿಂತುಬಿಡುತ್ತದೆ. ಕೆಟ್ಟ ಮಾಲು ಕೊಟ್ಟರೇ?
– ಓದುಗರೊಬ್ಬರು, ಸರ್ಜಾಪುರ ರಸ್ತೆ

ಉತ್ತರ: ಮಾಲು ಸರಿಯಾಗಿಯೇ ಇದೆ, ಮಾರುವಾಗ ಈ ವಿಷಯ ಹೇಳದೆ ಬಿಟ್ಟಿದ್ದಾರೆ. ನೀವು ಹಾಕಿಸಿರುವುದು ಆನ್-ಗ್ರಿಡ್ ಇನ್ವರ್ಟರ್, ಅಂದರೆ ಬೀದಿಯ ಕರೆಂಟ್ ಲೈನಿಗೆ ಜೋಡಿಸಿದ್ದು. ಲೈನಿನಲ್ಲಿ ಕರೆಂಟಿಲ್ಲ ಎಂದು ಗೊತ್ತಾದ ಕೂಡಲೇ ಅದು ಬಂದ್ ಆಗಲೇಬೇಕು. ಆಗದಿದ್ದರೆ ನಿಮ್ಮ ತಾರಸಿಯ ವಿದ್ಯುತ್ತು ಬೀದಿಯ ತಂತಿಗೆ ಹರಿದು, ಲೈನ್ ಆಫ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಜೀವ ತೆಗೆಯುತ್ತದೆ. ಆ ರಕ್ಷಣೆಯನ್ನು ತಪ್ಪಿಸಿ ಕೊಡುತ್ತೇವೆ ಎನ್ನುವ ಎಲೆಕ್ಟ್ರಿಷಿಯನ್ನರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಕತ್ತಲಾಗಬಾರದು ಎಂದರೆ ಎರಡು ದಾರಿ. ಹೈಬ್ರಿಡ್ ಇನ್ವರ್ಟರ್ ಜೊತೆ ಬ್ಯಾಟರಿ, ಇದು ದುಬಾರಿ. ಅಥವಾ ಸೋಲಾರ್ ಹಾಗೇ ಇರಲಿ, ಲೈಟು ಫ್ಯಾನಿಗೆ ಬೇರೆ ಲೈನ್ ಮಾಡಿ ಮಾಮೂಲಿ ಯುಪಿಎಸ್. ದಿನಕ್ಕೆ ಒಂದೆರಡು ಗಂಟೆ ಹೋಗುವ ಕರೆಂಟಿಗೆ ಎರಡನೆಯದೇ ಸಾಕು ಎಂಬುದು ನಮ್ಮ ಅಭಿಪ್ರಾಯ. 12 ವೋಲ್ಟ್, 150 ಎಎಚ್ ಟ್ಯೂಬುಲರ್ ಬ್ಯಾಟರಿಯಲ್ಲಿ ಹೆಸರಿಗೆ 1,800 ವಾಟ್-ಗಂಟೆ. ಬ್ಯಾಟರಿ ಬಾಳಬೇಕಾದರೆ 1,000ದಷ್ಟು ಬಳಸಿ. ಹಳೆಯ 75 ವಾಟಿನ ಫ್ಯಾನು 3, ಎಲ್‌ಇಡಿ 6, ವೈಫೈ ಸೇರಿ 290 ವಾಟ್ ಆದರೆ ಮೂರೂವರೆ ಗಂಟೆ ಬರುತ್ತದೆ. ಫ್ಯಾನುಗಳನ್ನು 30 ವಾಟಿನ ಬಿಎಲ್‌ಡಿಸಿಗೆ ಬದಲಿಸಿ, ಅದೇ ಬ್ಯಾಟರಿ ಆರು ಗಂಟೆ ಎಳೆಯುತ್ತದೆ.

ಇನ್ನೊಂದು ವಿಷಯ. ಕರೆಂಟ್ ಇದ್ದಾಗಲೂ ಮಧ್ಯಾಹ್ನ 12ರಿಂದ 2ರ ನಡುವೆ ಇನ್ವರ್ಟರ್ ಆಗಾಗ ನಿಲ್ಲುತ್ತಿದ್ದರೆ ಅದರ ಪರದೆಯಲ್ಲಿ ವೋಲ್ಟೇಜ್ ನೋಡಿ. 250 ದಾಟಿದ್ದರೆ ದೋಷ ಬಹುತೇಕ ತಂತಿಯದು: ಇನ್ವರ್ಟರ್‌ನಿಂದ ಮೀಟರಿಗೆ ತೆಳ್ಳಗಿನ ಕೇಬಲ್ ಎಳೆದಿರುತ್ತಾರೆ, ಅಥವಾ ಯಾವುದೋ ಜಾಯಿಂಟ್ ಸಡಿಲವಾಗಿರುತ್ತದೆ. ಸಡಿಲ ಜಾಯಿಂಟ್ ಬಿಸಿಯಾಗಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗುತ್ತದೆ. ಮೇನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ. ತಂತಿ ಸರಿಯಿದ್ದೂ ವೋಲ್ಟೇಜ್ ಇಳಿಯದಿದ್ದರೆ ಬೆಸ್ಕಾಂಗೆ ಬರೆದು ದೂರು ಕೊಡಿ.

ಪ್ರಶ್ನೆ: 200 ಲೀಟರಿನ ಟ್ಯೂಬ್ ಸೋಲಾರ್ ಹೀಟರ್. ಮೂರು ವರ್ಷ ಕುದಿಯುವಂಥ ನೀರು ಕೊಟ್ಟಿತು, ಈಗ ಬೆಳಗ್ಗೆ ಬರುವುದು ಉಗುರುಬೆಚ್ಚಗೆ. ನಮ್ಮದು ಬೋರ್‌ವೆಲ್ ನೀರು.
– ಓದುಗರೊಬ್ಬರು, ರಾಜರಾಜೇಶ್ವರಿ ನಗರ

ಉತ್ತರ: ಎಲ್ಲರೂ ಮೊದಲು ಬೋರ್ ನೀರಿನ ಉಪ್ಪನ್ನು ದೂರುತ್ತಾರೆ. ಅದಕ್ಕಿಂತ ಮುಂಚೆ ಎರಡು ಪರೀಕ್ಷೆ ಮಾಡಿ, ಎರಡಕ್ಕೂ ಖರ್ಚಿಲ್ಲ.

ಸಂಜೆ 6ಕ್ಕೆ ತಾರಸಿಗೆ ಹೋಗಿ, ಸೋಲಾರ್ ಟ್ಯಾಂಕಿಗೆ ತಣ್ಣೀರು ಬರುವ ಪೈಪನ್ನು ಮುಟ್ಟಿ ನೋಡಿ. ಟ್ಯಾಂಕಿನಿಂದ ಒಂದು ಮೊಳ ಆಚೆಗೂ ಬಿಸಿ ಇದ್ದರೆ ನಾನ್-ರಿಟರ್ನ್ ವಾಲ್ವ್ ಕೆಟ್ಟಿದೆ ಅಥವಾ ಹಾಕಿಯೇ ಇಲ್ಲ; ರಾತ್ರಿಯಿಡೀ ಬಿಸಿನೀರು ಮೇಲಿನ ಟ್ಯಾಂಕಿನ ಕಡೆಗೆ ವಾಪಸ್ ಹೋಗುತ್ತಿದೆ. ಎರಡನೆಯದು, ಬೆಳಗ್ಗೆ ಸೋಲಾರಿನ ತಣ್ಣೀರು ವಾಲ್ವ್ ಮುಚ್ಚಿ, ಬಚ್ಚಲಿನ ಬಿಸಿನೀರು ನಲ್ಲಿ ಬಿಡಿ. ಪೈಪಿನಲ್ಲಿದ್ದಷ್ಟು ಬಂದು ನಿಲ್ಲಬೇಕು. ನಿಲ್ಲದೆ ತಣ್ಣಗೆ ಸುರಿಯುತ್ತಲೇ ಇದ್ದರೆ ಯಾವುದೋ ಶವರ್ ಮಿಕ್ಸರಿನೊಳಗೆ ತಣ್ಣೀರು ಬಿಸಿನೀರಿನ ಲೈನಿಗೆ ನುಗ್ಗುತ್ತಿದೆ. ತಣ್ಣೀರಿಗೆ ಮಾತ್ರ ಪ್ರೆಷರ್ ಪಂಪ್ ಹಾಕಿಸಿದ ಮನೆಗಳಲ್ಲಿ ಇದು ಸಾಮಾನ್ಯ. ಒಂದೊಂದೇ ಬಚ್ಚಲಿನ ಆ್ಯಂಗಲ್ ವಾಲ್ವ್ ಮುಚ್ಚುತ್ತಾ ಬಂದರೆ ಕಳ್ಳ ಯಾವುದೆಂದು ಗೊತ್ತಾಗುತ್ತದೆ.

ಎರಡೂ ಸರಿ ಇದ್ದರೆ ಆಗ ಉಪ್ಪು. ಟ್ಯೂಬಿನ ತಳದಲ್ಲಿ ಬಿಳಿ ಕೆಸರು ಅಂಗೈ ಉದ್ದ ಕೂತಿರುತ್ತದೆ. ಟ್ಯೂಬ್ ಬಿಚ್ಚುವುದು ಸೂರ್ಯೋದಯಕ್ಕೆ ಮುಂಚೆ, ಇಲ್ಲವೇ ಹಿಂದಿನ ದಿನವೇ ಗೋಣಿಚೀಲ ಹೊದಿಸಿಟ್ಟು. ಬಿಸಿಲಲ್ಲಿ ಕಾದ ಖಾಲಿ ಟ್ಯೂಬಿಗೆ ತಣ್ಣೀರು ತಾಗಿದರೆ ಪಟಾರನೆ ಒಡೆಯುತ್ತದೆ. ಮತ್ತೆ ಕೂರಿಸುವಾಗ ಪ್ರತಿ ಟ್ಯೂಬಿಗೂ ಹೊಸ ರಬ್ಬರ್ ರಿಂಗು, ಸೋಪಿನ ನೀರು ಸವರಿ, ತಿರುಗಿಸುತ್ತಾ ಒತ್ತಬೇಕು. ಟಾಯ್ಲೆಟ್ ತೊಳೆಯುವ ಆ್ಯಸಿಡ್ಡನ್ನು ಟ್ಯಾಂಕಿಗೆ ಸುರಿಯುವವರಿದ್ದಾರೆ, ದಯವಿಟ್ಟು ಹಾಗೆ ಮಾಡಲು ಬಿಡಬೇಡಿ; ಅದರ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲನ್ನೇ ತಿನ್ನುತ್ತದೆ. ಕಾವೇರಿ ನೀರಿನ ಕನೆಕ್ಷನ್ ಇದ್ದರೆ ಸೋಲಾರಿಗೆ ಅದನ್ನೇ ಕೊಡಿ.

ತಾರಸಿಯ ಮೇಲೆ ನಿಂತ ಗಾಳಿಪೈಪಿನ ತುದಿಯನ್ನೂ ನೋಡಿ ಬನ್ನಿ. ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ, ತೆರೆದೇ ಇರಬೇಕು. ನೀರು ಚೆಲ್ಲುತ್ತದೆಂದು ಯಾರಾದರೂ ಕ್ಯಾಪ್ ಹಾಕಿದ್ದರೆ ಇಂದೇ ತೆಗೆಯಿರಿ, ಉಗಿ ಕಟ್ಟಿಕೊಂಡು ಟ್ಯಾಂಕ್ ಸೀಳಬಹುದು.

ಪ್ರಶ್ನೆ: ಸಂಪು, ಪಾಯ ಅಗೆದ ಕೆಂಪು ಮಣ್ಣು ರಾಶಿ ಬಿದ್ದಿದೆ. ಅದರಲ್ಲೇ ಮಣ್ಣಿನ ಬ್ಲಾಕ್ ಮಾಡಬಹುದೆ?
– ಓದುಗರೊಬ್ಬರು, ಹೊಸಕೋಟೆ

ಉತ್ತರ: ಮಾಡಬಹುದು. ನಮ್ಮ ಕೆಂಪು ಮಣ್ಣು ಸಿಮೆಂಟಿನ ಜೊತೆ ಚೆನ್ನಾಗಿ ಹೊಂದುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಈ ಬ್ಲಾಕುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಮೇಲಿನ ಒಂದೂವರೆ ಅಡಿ, ಬೇರು ಗೊಬ್ಬರ ಇರುವ ಮಣ್ಣನ್ನು ಗಿಡಗಳಿಗೆ ಇಟ್ಟುಕೊಳ್ಳಿ. ಉಳಿದದ್ದನ್ನು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ತುಂಬಿ, ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ, ಒಂದು ದಿನ ಬಿಡಿ. ತಳದಲ್ಲಿ ಮರಳು, ಮೇಲೆ ಜೇಡಿ ಕೂರುತ್ತದೆ. ಮರಳು ಮೂರನೇ ಎರಡರಷ್ಟು ಇರಬೇಕು, ಕಡಿಮೆಯಿದ್ದರೆ ಎಂ-ಸ್ಯಾಂಡ್ ಅಥವಾ ಕ್ವಾರಿ ಪುಡಿ ಬೆರೆಸಿ. ಎರೆಮಣ್ಣಾದರೆ ಈ ವಿಧಾನ ಬೇಡ, ಅದು ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ.

ಸಿಮೆಂಟು ತೂಕದಲ್ಲಿ ನೂರಕ್ಕೆ 7. 230×190×100 ಎಂಎಂ ಬ್ಲಾಕ್ ಸುಮಾರು 8 ಕೆ.ಜಿ. ತೂಗುತ್ತದೆ, ಅಂದರೆ ಒಂದು ಮೂಟೆಗೆ 90 ಬ್ಲಾಕ್. ನೀರು ಎಷ್ಟೆಂಬುದನ್ನು ಕೈಯೇ ಹೇಳುತ್ತದೆ: ಒಂದು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಿ. ನಾಲ್ಕೈದು ತುಂಡಾದರೆ ಹದ. ಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಅಂಟಿಕೊಂಡರೆ ಹೆಚ್ಚಾಯಿತು. ಕಲಸಿದ್ದನ್ನು ಅರ್ಧ ಗಂಟೆಯೊಳಗೆ ಬ್ಲಾಕ್ ಯಂತ್ರದಲ್ಲಿ ಒತ್ತಿ ಮುಗಿಸಿ, ಹಾಗಾಗಿ ಒಮ್ಮೆಗೆ 20 ಬ್ಲಾಕಿಗಾಗುವಷ್ಟೇ ಕಲಸಿ. ಹೆಚ್ಚಿನವರು ಎಡವುವುದು ಕ್ಯೂರಿಂಗ್‌ನಲ್ಲಿ. ನೆರಳಿನಲ್ಲಿ ಜೋಡಿಸಿ, ಗೋಣಿ ಹೊದಿಸಿ, ಮೂರು ವಾರ ದಿನಕ್ಕೆರಡು ಸಲ ನೀರು ಹಾಕಲೇಬೇಕು. ಒಂದು ವಾರಕ್ಕೇ ಗೋಡೆ ಎಬ್ಬಿಸಿದರೆ ಮಳೆನೀರು ತಾಗಿದ ಅಂಚುಗಳು ಉದುರುತ್ತವೆ.

ನೆಲಮಟ್ಟದಿಂದ ಎರಡಡಿ ಸೈಜುಗಲ್ಲು, ಮೇಲೆ ಎರಡಡಿ ಸಜ್ಜಾ ಇಟ್ಟರೆ ಹೊರಗೆ ಗಾರೆಯ ಅಗತ್ಯವಿಲ್ಲ. ಮಳೆ ಹೊಡೆಯುವ ಪಶ್ಚಿಮದ ಗೋಡೆಗೆ ಮಾತ್ರ ಸಿಮೆಂಟ್-ಸುಣ್ಣದ ತೆಳು ಲೇಪ ಕೊಡಿ.

ಪ್ರಶ್ನೆ: ಸೋಲಾರಿಗೆ ಸಬ್ಸಿಡಿ ಎಷ್ಟು? ನಮಗೆ ಈಗ ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ.
– ಓದುಗರೊಬ್ಬರು, ಬನಶಂಕರಿ

ಉತ್ತರ: 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವಾಟ್‌ವರೆಗೆ ಕಿಲೋವಾಟಿಗೆ 30,000 ರೂಪಾಯಿ, ಮೂರನೆಯದಕ್ಕೆ 18,000; ಒಟ್ಟು 78,000 ದಾಟುವುದಿಲ್ಲ. ಪ್ಯಾನೆಲ್ಲಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು, ಬಿಲ್ಲಿನಲ್ಲಿ ಅದನ್ನು ಬರೆಸಿಕೊಳ್ಳಿ. ಅರ್ಜಿ ಮೊದಲು, ಅಳವಡಿಕೆ ನಂತರ. ಆದರೆ ಬಿಲ್ಲೇ ಬರದ ಮನೆಗೆ ಸೋಲಾರ್ ಕರೆಂಟಿನಿಂದ ಉಳಿಸಲು ಏನೂ ಇಲ್ಲ. ಗೀಸರ್, ಇಂಡಕ್ಷನ್, ವಿದ್ಯುತ್ ಸ್ಕೂಟರ್ ಸೇರಿ ಬಳಕೆ ನಿಮ್ಮ ಉಚಿತ ಮಿತಿಯನ್ನು ದಾಟುವ ಸೂಚನೆ ಕಂಡಾಗ ಯೋಚಿಸಿ. ಸದ್ಯಕ್ಕೆ ಗೀಸರಿನ ಬದಲು ಸೋಲಾರ್ ವಾಟರ್ ಹೀಟರ್ ಹಾಕಿಸಿ: 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿ ಬಿಸಿ ಮಾಡಲು ಹತ್ತಿರ ಹತ್ತಿರ ಅರ್ಧ ಯೂನಿಟ್ ಬೇಕು, ನಾಲ್ಕು ಜನರ ಮನೆಯಲ್ಲಿ ಅದೇ ತಿಂಗಳಿಗೆ 60 ಯೂನಿಟ್ ಆಗುತ್ತದೆ.